ಸಾಲದಿಂದ ಇಳುವರಿ ಬಿತ್ತೋ, ಇಳುವರಿ ಬಿದ್ದು ಸಾಲ ಏರಿತೋ? ಏಳು ಹಂಗಾಮಿನ ಪ್ಯಾನಲ್ ಡೇಟಾದಲ್ಲಿ ಎರಡೂ ದಿಕ್ಕು ಅಳೆಯುವುದು ಹೇಗೆ

ಕೊಯ್ಲುಲೆಕ್ಕ (ಪ್ರಶ್ನೆ)

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಸುಮಾರು 240 ಸಣ್ಣ ಕಾಫಿ ಬೆಳೆಗಾರರ ಡೇಟಾ ಇದೆ. ಎಲ್ಲವೂ 10 ಎಕರೆ ಒಳಗಿನ ತೋಟ. 2016-17ರಿಂದ 2022-23ರ ತನಕ ಏಳು ಹಂಗಾಮು, ಒಂದು ತೋಟಕ್ಕೆ ಏಳು ಸಾಲು. (ಇದು ಫೈಲಿನ ಸಾಲು, ಬ್ಯಾಂಕಿನ ಸಾಲ ಅಲ್ಲ. ಗೊಂದಲ ಬೇಡ ಅಂತ ಮುಂದೆ ‘ವೇವ್’ ಅಂತಲೇ ಬರೆಯುತ್ತೇನೆ.)

ಪ್ರತಿ ವೇವ್‌ನಲ್ಲಿ ಇರುವುದು: ಎಕರೆಗೆ ಒಟ್ಟು ಬಾಕಿ ಸಾಲ, ಎಕರೆಗೆ ಎಷ್ಟು ಮೂಟೆ ಕಾಫಿ, ಗೊಬ್ಬರ-ಸುಣ್ಣದ ಖರ್ಚು, ಮೆಣಸಿನ ಆದಾಯ, ಅರೇಬಿಕಾ-ರೋಬಸ್ಟಾ ಪಾಲು. ಸಾಲ ಅಂದರೆ ಬೆಳೆಸಾಲ, ಅವಧಿ ಸಾಲ, ಕೈಸಾಲ, ಕಾಫಿ ವ್ಯಾಪಾರಿಯ ಮುಂಗಡ ಎಲ್ಲ ಕೂಡಿಸಿದ ಮೊತ್ತ.

ಸಾಲ ಹೆಚ್ಚಾದವರು ಗೊಬ್ಬರಕ್ಕೆ, ಕಸಿಗೆ (ಗಿಡ ಸವರುವುದಕ್ಕೆ), ಮರಗಸಿಗೆ (ನೆರಳುಮರದ ಕೊಂಬೆ ಕಡಿಯುವುದಕ್ಕೆ) ಕೈ ಬಿಗಿ ಹಿಡಿಯುತ್ತಾರೆ, ಇಳುವರಿ ಬೀಳುತ್ತದೆ ಅನ್ನುವುದು ಒಂದು ದಿಕ್ಕು. ಇಳುವರಿ ಬಿದ್ದ ವರ್ಷ ಸಾಲ ತೀರುವುದಿಲ್ಲ, ಬಾಕಿ ಏರುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಅಳೆಯಬೇಕು.

ಮೊದಲು ಸಾದಾ ಕ್ರಾಸ್-ಲ್ಯಾಗ್ಡ್ ಮಾಡೆಲ್ ಹಾಕಿದೆ (ಹಿಂದಿನ ವೇವ್‌ನ ಸಾಲದಿಂದ ಈ ವೇವ್‌ನ ಇಳುವರಿಗೆ ಒಂದು ಬಾಣ, ಹಿಂದಿನ ಇಳುವರಿಯಿಂದ ಈಗಿನ ಸಾಲಕ್ಕೆ ಇನ್ನೊಂದು). ಎರಡೂ ಬಾಣ ಮೈನಸ್ ಬಂದವು, ಕಥೆಗೆ ಸರಿಹೊಂದಿತು. ಆಮೇಲೆ ರ್‍ಯಾಂಡಮ್ ಇಂಟರ್ಸೆಪ್ಟ್ (ತೋಟ-ತೋಟದ ಸ್ಥಿರ ವ್ಯತ್ಯಾಸವನ್ನು ಬೇರೆ ಮಾಡುವ ಭಾಗ) ಸೇರಿಸಿದೆ. ಇಳುವರಿಯಿಂದ ಸಾಲಕ್ಕೆ ಹೋಗುವ ಬಾಣ ಮೈನಸ್ ಆಗಿಯೇ ಉಳಿಯಿತು, ಸಾಲದಿಂದ ಇಳುವರಿಗೆ ಬರುವುದು ಮಾತ್ರ ಪ್ಲಸ್‌ಗೆ ತಿರುಗಿತು! ಒಂದು ವರ್ಷದ ಲ್ಯಾಗ್ (ಹಿಂದಿನ ವರ್ಷದ ಅಂಕಿ) ಹಾಕಿದ, ಪ್ರತಿ ತೋಟವನ್ನು ಅದರದ್ದೇ ಸರಾಸರಿಗೆ ಹೋಲಿಸುವ ಫಿಕ್ಸೆಡ್ ಎಫೆಕ್ಟ್‌ನಲ್ಲೂ ಅದೇ ಸಣ್ಣ ಪ್ಲಸ್. ಸಾಲ ಮಾಡಿದರೆ ಇಳುವರಿ ಏರುತ್ತದೆ ಅಂತ ಓದಬೇಕೇ? ಯಾವುದನ್ನು ನಂಬುವುದು?

ಹೂಮಳೆ_ಲ್ಯಾಗ್

ಸಾದಾ ಕ್ರಾಸ್-ಲ್ಯಾಗ್ಡ್ ಅನ್ನು ಪಕ್ಕಕ್ಕಿಡಿ. ಅದು ತೋಟ-ತೋಟದ ನಡುವಿನ ಸ್ಥಿರ ವ್ಯತ್ಯಾಸವನ್ನೂ ಒಂದೇ ತೋಟ ವರ್ಷದಿಂದ ವರ್ಷಕ್ಕೆ ಬದಲಾಗುವುದನ್ನೂ ಕಲಸುತ್ತದೆ. ಹಾಮಾಕರ್, ಕೈಪರ್, ಗ್ರಾಸ್ಮನ್ ಎಂಬ ಸಂಶೋಧಕರು 2015ರಲ್ಲಿ ಎತ್ತಿದ ತಕರಾರು ಇದೇ. ಮಣ್ಣು ಸವಕಲಾದ ಇಳಿಜಾರಿನ ತೋಟದಲ್ಲಿ ಏಳೂ ವರ್ಷ ಇಳುವರಿ ಕಡಿಮೆ, ಸಾಲ ಹೆಚ್ಚು. ಅಲ್ಲಿ ಯಾವುದೂ ಯಾವುದಕ್ಕೂ ಕಾರಣ ಆಗದೆಯೂ ಎರಡು ಮೈನಸ್ ಬಾಣ ಹುಟ್ಟುತ್ತವೆ.

ಪ್ಲಸ್ ಯಾಕೆ ಬಂತು ಅನ್ನುವುದಕ್ಕೆ ಉತ್ತರ ಸಾಫ್ಟ್‌ವೇರ್‌ನಲ್ಲಿ ಸಿಗುವುದಿಲ್ಲ, ಕ್ಯಾಲೆಂಡರ್‌ನಲ್ಲಿ ಸಿಗುತ್ತದೆ. ನಿಮ್ಮ ‘2018-19’ ವೇವ್ ತೆಗೆದುಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಮಾರ್ಚ್ ತನಕ ಎಳೆಯುತ್ತದೆ. ಆ ಹಣ್ಣಿಗೆ ಬೇಕಾದ ಹೂಮಳೆ (ಹೂ ಅರಳಿಸುವ ಬೇಸಿಗೆ ಮಳೆ) 2018ರ ಫೆಬ್ರವರಿ-ಏಪ್ರಿಲ್‌ನಲ್ಲಿ ಆಗಿದೆ. ಗೊಬ್ಬರ ಹೂವಿಗೆ ಮುಂಚೆ ಒಮ್ಮೆ, ಮೇ ಸುಮಾರಿಗೆ ಒಮ್ಮೆ, ಮಳೆ ಬಿಡುವು ಕೊಟ್ಟಾಗ ಆಗಸ್ಟ್-ಸೆಪ್ಟೆಂಬರ್ ಆಸುಪಾಸಿನಲ್ಲಿ ಒಮ್ಮೆ. ಅಂದರೆ 2018-19ರ ಇಳುವರಿಯನ್ನು ಹಿಂಡಬಲ್ಲ ಸಾಲ 2018ರ ಬೇಸಿಗೆಯದ್ದು. ಆ ಇಳುವರಿ ಬಿದ್ದರೆ ಏರುವ ಸಾಲ 2019ರ ಬೇಸಿಗೆಯದ್ದು.

ಈಗ ನೀವು ಸಾಲವನ್ನು ಯಾವ ತಾರೀಖಿಗೆ ಅಳೆದಿದ್ದೀರಿ? ಮಾರ್ಚ್ 2018ರ ಬಾಕಿಯನ್ನು 2018-19ರ ವೇವ್‌ಗೆ ಬರೆದಿದ್ದರೆ, ಸಾಲದಿಂದ ಇಳುವರಿಗೆ ಹೋಗುವ ಬಾಣ *ಅದೇ ವೇವ್‌ನೊಳಗೆ* ಇದೆ. ನೀವು ಯಾಂತ್ರಿಕವಾಗಿ ಒಂದು ಲ್ಯಾಗ್ ಹಾಕಿ ಮಾರ್ಚ್ 2017ರ ಸಾಲವನ್ನು 2018-19ರ ಇಳುವರಿಗೆ ಕಟ್ಟಿದ್ದೀರಿ. ನಡುವೆ ಇಡೀ ಒಂದು ಬೆಳೆ ಬಂದು ಹೋಗಿದೆ.

ಲ್ಯಾಗ್ ತಪ್ಪಿದರೆ ಗುಣಾಂಕ ಬರೀ ಸಣ್ಣದಾಗುವುದಿಲ್ಲ, ತಲೆಕೆಳಗಾಗುತ್ತದೆ. ವೈಸಿ ಮತ್ತು ಮೈಲ್ಸ್ 2017ರಲ್ಲಿ ತೋರಿಸಿದ್ದನ್ನು ಒಂದು ಹಾಳೆಯ ಮೇಲೆ ಬಿಡಿಸಿ ನೋಡಬಹುದು. ನಿಜವಾದ ಪರಿಣಾಮ ಅದೇ ವೇವ್‌ನದ್ದು ಅಂತಿಟ್ಟುಕೊಳ್ಳಿ. ವ್ಯತ್ಯಾಸ ತೆಗೆದರೆ, ಇಳುವರಿಯ ಬದಲಾವಣೆ ಅನ್ನುವುದು ಈ ವರ್ಷದ ಸಾಲ ಕಳೆ ಹೋದ ವರ್ಷದ ಸಾಲ, ಅದಕ್ಕೆ ನಿಜ ಗುಣಾಂಕದ ಗುಣಾಕಾರ. ನೀವು ಅದನ್ನು ಹೋದ ವರ್ಷದ ಸಾಲ ಕಳೆ ಆಚೆ ವರ್ಷದ ಸಾಲದ ಮೇಲೆ ರಿಗ್ರೆಸ್ ಮಾಡುತ್ತಿದ್ದೀರಿ. ಹೋದ ವರ್ಷದ ಸಾಲ ಎರಡೂ ಕಡೆ ಇದೆ, ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್. ಸಾಲ ವರ್ಷದಿಂದ ವರ್ಷಕ್ಕೆ ಪೂರ್ತಿ ಸ್ವತಂತ್ರವಾಗಿ ಕುಣಿಯುತ್ತಿದ್ದರೆ ಸಿಗುವುದು ನಿಜ ಗುಣಾಂಕದ −0.5 ಪಟ್ಟು. ಸಾಲಕ್ಕೆ 0.6ರಷ್ಟು ನೆನಪಿದ್ದರೆ (ಹೋದ ವರ್ಷದ ಏರುಪೇರಿನ 0.6 ಭಾಗ ಈ ವರ್ಷಕ್ಕೂ ಉಳಿದರೆ) ಸೂತ್ರ −(1 − 0.6)/2, ಅಂದರೆ −0.2 ಪಟ್ಟು. ನಿಜ −0.3 ಇದ್ದರೆ ನಿಮಗೆ ಕಾಣುವುದು +0.06. ನೀವು ಹೇಳಿದ ‘ಸಣ್ಣ ಪ್ಲಸ್’ ಇಲ್ಲಿಂದಲೇ ಬಂದಿರಬಹುದು.

ಹಾಗಾಗಿ ಮೊದಲ ಕೆಲಸ ಇದು: ಎರಡೂ ಅಳತೆಗೆ ತಾರೀಖು ಬರೆಯಿರಿ. ಸಾಲ ಕೊಯ್ಲು ಮುಗಿದ ಮೇಲೆ, ಮೇ ಗೊಬ್ಬರಕ್ಕೆ ಮುಂಚೆ. ಇಳುವರಿ ಅದರ ನಂತರದ ಕೊಯ್ಲು. ಸಾಲ, ಇಳುವರಿ, ಸಾಲ, ಇಳುವರಿ ಅಂತ ಒಂದಾದ ಮೇಲೊಂದು ಬಂದರೆ ‘ಒಂದೇ ಕ್ಷಣದಲ್ಲಿ ಎರಡೂ ಕಡೆ’ ಅನ್ನುವ ಬಿಡಿಸಲಾಗದ ಗಂಟು ಇಲ್ಲವೇ ಇಲ್ಲ. ಇಂಥ ಅದೃಷ್ಟ ಎಲ್ಲ ವಿಷಯಕ್ಕೂ ಸಿಗುವುದಿಲ್ಲ. ಕಾಫಿಗೆ ವರ್ಷಕ್ಕೊಂದೇ ಕೊಯ್ಲು ಇರುವುದರಿಂದ ಸಿಕ್ಕಿದೆ, ಬಳಸಿಕೊಳ್ಳಿ.

ಒಂದು ಎಚ್ಚರ. ಮಾರ್ಚ್ 31ರ ಬಾಕಿಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ವರ್ಷಾಂತ್ಯಕ್ಕೆ ಎಲ್ಲಿಂದಲೋ ತಂದು ಕಟ್ಟಿ, ವಾರದಲ್ಲಿ ನವೀಕರಿಸಿ ಮತ್ತೆ ಎತ್ತುವ ರೂಢಿ ಇದೆ. ಪಾಸ್‌ಬುಕ್‌ನಲ್ಲಿ ಆ ದಿನ ಸೊನ್ನೆ, ಹದಿನೈದು ದಿನಕ್ಕೆ ಮೊದಲಿನಷ್ಟೇ ಬಾಕಿ. ಏಪ್ರಿಲ್ 30ರ ಬಾಕಿ ಹೆಚ್ಚು ನಿಜ ಹೇಳುತ್ತದೆ.

ಮುಂಗಡ

ಮೇಲಿನ ಉತ್ತರ ಸರಿ, ಆದರೆ ಅದು ಅರ್ಧ. ‘ಎಲ್ಲ ಕೂಡಿಸಿದ ಸಾಲ’ ಅನ್ನುವುದೇ ಇಲ್ಲಿ ದೊಡ್ಡ ತಪ್ಪು. ನಾಲ್ಕು ಬಗೆಯ ಸಾಲಕ್ಕೆ ಇಳುವರಿಯ ಜೊತೆ ನಾಲ್ಕು ಬಗೆಯ ಸಂಬಂಧ.

ವ್ಯಾಪಾರಿಯ ಮುಂಗಡ ನೋಡಿ. ಅದನ್ನು ಎತ್ತುವುದು ಮಳೆಗಾಲ ಕಳೆಯುವ ಹೊತ್ತಿಗೆ. ಆಗ ಗಿಡದಲ್ಲಿ ಕಾಯಿ ಕಣ್ಣಿಗೆ ಕಾಣುತ್ತಿರುತ್ತದೆ. ರೆಕ್ಕೆ (ಅಡ್ಡ ಕೊಂಬೆ) ತುಂಬ ಕಾಯಿ ಇದ್ದರೆ ವ್ಯಾಪಾರಿ ಹೆಚ್ಚು ಕೊಡುತ್ತಾನೆ, ಉದುರಿದ್ದರೆ ಕೈ ಆಡಿಸುತ್ತಾನೆ. ಅಂದರೆ ಇನ್ನೂ ಕೊಯ್ಯದ ಇಳುವರಿ ಈಗಿನ ಸಾಲವನ್ನು ನಿರ್ಧರಿಸುತ್ತಿದೆ. ತಾರೀಖಿನ ಪ್ರಕಾರ ಸಾಲ ಮೊದಲು, ಇಳುವರಿ ಆಮೇಲೆ. ಕಾರಣದ ಪ್ರಕಾರ ತಿರುಗಾಮುರುಗಾ. ಇದು ಸಾಲ-ಇಳುವರಿ ನಡುವೆ ಗಟ್ಟಿ ಪ್ಲಸ್ ಹುಟ್ಟಿಸುತ್ತದೆ, ಫಿಕ್ಸೆಡ್ ಎಫೆಕ್ಟ್ ಇದನ್ನು ಅಳಿಸುವುದಿಲ್ಲ. ಮುಂಗಡವನ್ನು ಸಾಲದ ಕಾಲಂನಿಂದ ಹೊರಗೆ ತೆಗೆಯಿರಿ. ಏಪ್ರಿಲ್ 30ರ ಬಾಕಿಯಲ್ಲಿ ಹಳೇ ಮುಂಗಡದ ತೀರದ ಭಾಗ ಉಳಿದಿದ್ದರೆ ಅದು ಇರಲಿ, ಅದು ನಿಜವಾದ ಹೊರೆ.

ಅವಧಿ ಸಾಲದ್ದು ಉಲ್ಟಾ ತೊಂದರೆ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬಿದ್ದು ಒಂದು ಪಟ್ಟಿ ಕಿತ್ತು ಮರುನಾಟಿ ಮಾಡಿದವರು ಆ ವರ್ಷ ಅವಧಿ ಸಾಲ ತೆಗೆದಿರುತ್ತಾರೆ. ಹೊಸ ಗಿಡ ಲೆಕ್ಕಕ್ಕೆ ಸಿಗುವಷ್ಟು ಫಸಲು ಕೊಡಲು ನಾಲ್ಕೈದು ವರ್ಷ. ಡೇಟಾದಲ್ಲಿ ಕಾಣುವುದು: ಸಾಲ ಏರಿತು, ಇಳುವರಿ ಕುಸಿಯಿತು, ವರ್ಷಗಟ್ಟಲೆ ಏಳಲಿಲ್ಲ. ಸಾಲ ಕೊಂದದ್ದು ಅಂತ ಮಾಡೆಲ್ ಹೇಳುತ್ತದೆ, ಕೊಂದದ್ದು ಹುಳ. ಇಳುವರಿಯನ್ನು ಒಟ್ಟು ಎಕರೆಗೆ ಭಾಗಿಸದೆ *ಫಸಲು ಬರುವ* ಎಕರೆಗೆ ಭಾಗಿಸಿ. ಮರುನಾಟಿ ಮಾಡಿದ ವರ್ಷಕ್ಕೆ ಗುರುತು ಹಾಕಿ, ಆ ತೋಟಗಳನ್ನು ಬಿಟ್ಟು ಇನ್ನೊಮ್ಮೆ ಓಡಿಸಿ.

ಹಾಗೇ ಮೂಟೆ. ಪಾರ್ಚ್‌ಮೆಂಟ್ ಮೂಟೆಯನ್ನೂ (ಹಣ್ಣಿನ ಸಿಪ್ಪೆ-ತಿರುಳು ತೆಗೆದು ಒಣಗಿಸಿದ್ದು) ಚೆರಿ ಮೂಟೆಯನ್ನೂ (ಹಣ್ಣನ್ನು ಹಾಗೇ ಒಣಗಿಸಿದ್ದು) ಕೂಡಿಸಿಲ್ಲ ತಾನೆ? 50 ಕೆಜಿ ಪಾರ್ಚ್‌ಮೆಂಟ್‌ಗೆ ಕ್ಲೀನ್ ಕಾಫಿ (ಹೊಟ್ಟು ತೆಗೆದ ಬೀಜ) ಸುಮಾರು 40 ಕೆಜಿ, ಅಷ್ಟೇ ಚೆರಿಗೆ ಅರ್ಧದ ಆಸುಪಾಸು. ಕೈಸಾಲ ಇರುವವರು ಪಲ್ಪ್ ಮಾಡದೆ ಚೆರಿಯಾಗಿಯೇ ಒಣಗಿಸಿ ಮಾರಿದರೆ, ಇಳುವರಿ ಬದಲಾಗದೆಯೇ ಮೂಟೆ ಏರಿದಂತೆ ಕಾಣುತ್ತದೆ. ಎಲ್ಲವನ್ನೂ ಕ್ಲೀನ್ ಕೆಜಿಗೆ ಇಳಿಸಿಕೊಂಡು ಆಮೇಲೆ ಮಾಡೆಲ್ ಮುಟ್ಟಿ.

2018ರ ಜುಲೈ ಬಜೆಟ್‌ನ ಬೆಳೆಸಾಲ ಮನ್ನಾವನ್ನು ಇನ್‌ಸ್ಟ್ರುಮೆಂಟ್ (ಸಾಲವನ್ನು ಹೊರಗಿನಿಂದ ಅಲುಗಿಸುವ, ಇಳುವರಿಯನ್ನು ಸಾಲದ ಮೂಲಕ ಮಾತ್ರ ಮುಟ್ಟುವ ಅಂಶ) ಆಗಿ ಬಳಸುವ ಆಸೆ ಖಂಡಿತ ಬರುತ್ತದೆ. ಸಾಲ ಇಳಿಯಿತು, ಇಳುವರಿ ಅದಕ್ಕೆ ಕಾರಣ ಅಲ್ಲ, ಇನ್ನೇನು ಬೇಕು ಅಂತ. ಬೇಡ. ಬಜೆಟ್ ಹೇಳಿದ ಮನ್ನಾ ಮುಖ್ಯವಾಗಿ ಸುಸ್ತಿ ಸಾಲಕ್ಕೆ, 2 ಲಕ್ಷದ ಮಿತಿಯೊಳಗೆ. ಸುಸ್ತಿ ಆದವರಲ್ಲಿ ಹಿಂದಿನ ಇಳುವರಿ ಬಿದ್ದಿದ್ದರಿಂದಲೇ ಸುಸ್ತಿ ಆದವರು ಇರುತ್ತಾರೆ. ಮೇಲಾಗಿ ಮರು ತಿಂಗಳೇ, ಆಗಸ್ಟ್ 2018ರಲ್ಲಿ, ಮಲೆನಾಡಿನಲ್ಲಿ ಸುರಿದ ಮಳೆಗೆ ಕಾಯಿ ಉದುರಿತು, ಕೊಳೆ ಬಂತು. ಸಕಲೇಶಪುರ-ಮೂಡಿಗೆರೆ ಕಡೆಗೆ ಬಿದ್ದ ಪೆಟ್ಟು ಬೇಲೂರಿನ ಒಣ ಭಾಗಕ್ಕೆ ಬೀಳಲಿಲ್ಲ. ವರ್ಷದ ಡಮ್ಮಿ (ಆ ವರ್ಷಕ್ಕೆ 1, ಉಳಿದವಕ್ಕೆ 0 ಅನ್ನುವ ಕಾಲಂ) ಒಂದೇ ಇದನ್ನು ನುಂಗುವುದಿಲ್ಲ. ಹೋಬಳಿ ಮಳೆಮಾಪಕದ ತಿಂಗಳವಾರು ಮಳೆ ಬೇಕು. ಕನಿಷ್ಠ ಫೆಬ್ರವರಿ-ಏಪ್ರಿಲ್ ಒಂದು ಕಾಲಂ, ಜುಲೈ-ಆಗಸ್ಟ್ ಇನ್ನೊಂದು.

2020ರ ಸಾಲವೂ ಹಾಳು ಅಳತೆಯೇ. ಆ ವರ್ಷ ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಬೆಳೆಸಾಲಕ್ಕೂ. ಕಟ್ಟುವ ಶಕ್ತಿ ಇದ್ದವರೂ ಕಟ್ಟದೆ ಇಟ್ಟುಕೊಂಡರು. ಬಾಕಿ ಅದೇ ಮೊತ್ತ, ಹೊರೆ ಬೇರೆ.

ಡೆಲ್ಟಾ_ತೋಟ

ಡೇಟಾ ತೊಳೆದಾದ ಮೇಲೆ ಅಂದಾಜಿನ ಕೆಲಸ. ಇಲ್ಲಿ ಎಡವುವ ಜಾಗ ಮೂರ್ನಾಲ್ಕು ಇವೆ.

ಸಾಮಾನ್ಯ ಫಿಕ್ಸೆಡ್ ಎಫೆಕ್ಟ್ ಯಾಕೆ ಆಗದು? ಅದು ‘ಈ ವರ್ಷದ ಇಳುವರಿಯ ಏರುಪೇರು ಮುಂದಿನ ಸಾಲವನ್ನು ಮುಟ್ಟುವುದಿಲ್ಲ’ ಅಂತ ನಂಬಿಕೊಂಡು ಕೆಲಸ ಮಾಡುತ್ತದೆ. ನಿಮ್ಮ ಪ್ರಶ್ನೆಯೇ ಅದು ಮುಟ್ಟುತ್ತದೆ ಅಂತ. ಇಮೈ ಮತ್ತು ಕಿಮ್ 2019ರಲ್ಲಿ ಬಿಡಿಸಿ ಹೇಳಿದ್ದು ಇದನ್ನೇ. ಇಲ್ಲಿ ಇನ್ನೊಂದು ಬಲೆ: ಮುಂದಿನ ವರ್ಷದ ಸಾಲವನ್ನು ಸಮೀಕರಣಕ್ಕೆ ಸೇರಿಸಿ ‘ಪ್ಲಸೀಬೊ’ ಪರೀಕ್ಷೆ ಮಾಡಿ, ಅದು ಸೊನ್ನೆ ಬರಲಿಲ್ಲ ಅಂತ ಗಾಬರಿ ಆಗುವವರಿದ್ದಾರೆ. ಎರಡು ದಿಕ್ಕಿನ ಸಂಬಂಧ ಇದ್ದರೆ ಅದು ಸೊನ್ನೆ ಬರಲೇಬಾರದು.

ಹಿಂದಿನ ಇಳುವರಿಯನ್ನೂ (ಸಾಲದ ಸಮೀಕರಣದಲ್ಲಿ ಹಿಂದಿನ ಸಾಲವನ್ನೂ) ಸೇರಿಸಿದಿರೋ, ನಿಕೆಲ್ ಪಕ್ಷಪಾತ ಬರುತ್ತದೆ (1981ರ ಹಳೆಯ ಕಥೆ: ವೇವ್ ಕಡಿಮೆ ಇದ್ದಾಗ ಆ ಸ್ವಂತ ಗುಣಾಂಕ ನಿಜಕ್ಕಿಂತ ಕೆಳಗೆ ಜಾರುತ್ತದೆ). ಗಾತ್ರ ಸುಮಾರು −(1 + ನಿಜ ಗುಣಾಂಕ) ಭಾಗಿಸು (ಬಳಕೆಗೆ ಸಿಗುವ ವೇವ್ − 1). ನಿಮ್ಮ ಏಳರಲ್ಲಿ ಒಂದು ಲ್ಯಾಗ್‌ಗೆ ಹೋಗಿ ಆರು ಉಳಿಯುತ್ತವೆ. ಸಾಲದ ನೆನಪು 0.6 ಇದ್ದರೆ ಪಕ್ಷಪಾತ −1.6/5, ಅಂದರೆ −0.32, 0.6 ಇದ್ದದ್ದು 0.28 ಆಗಿ ಕಾಣುತ್ತದೆ. ಇಳುವರಿಯಲ್ಲಿ ಕತೆ ಬೇರೆ. ಕಾಫಿ ಒಂದು ವರ್ಷ ಹೊತ್ತರೆ ಮರುವರ್ಷ ಸುಸ್ತು ಹೊಡೆಯುತ್ತದೆ, ಹಾಗಾಗಿ ಅದರ ಸ್ವಂತ ಗುಣಾಂಕ ಮೈನಸ್. −0.4 ಅಂತಿಟ್ಟರೆ ಪಕ್ಷಪಾತ −0.6/5, ಬರೀ −0.12. ಅಂದರೆ ನಿಮಗೆ ದೊಡ್ಡ ಅಪಾಯ ಸಾಲದ ಸಮೀಕರಣದಲ್ಲಿ. ಸ್ವಂತ ಗುಣಾಂಕ ಕೆಟ್ಟರೆ ಅದರ ಪಕ್ಕದ ಅಡ್ಡ ಗುಣಾಂಕವೂ ಕೆಡುತ್ತದೆ.

ವರ್ಷ ಬಿಟ್ಟು ವರ್ಷದ ಫಸಲನ್ನು ವರ್ಷದ ಡಮ್ಮಿ ತೆಗೆದುಬಿಡುತ್ತದೆ ಅಂದುಕೊಳ್ಳಬೇಡಿ. ಉದಾಹರಣೆಗೆ ಒಂದು ತೋಟ ಎಕರೆಗೆ 8, 14, 7, 13 ಮೂಟೆ ಅಂತ ಹೋಗುತ್ತಿದ್ದರೆ ಬೇಲಿಯಾಚೆಯದ್ದು 13, 8, 14, 7 ಅಂತ ಹೋಗುತ್ತಿರಬಹುದು. ಹೂಮಳೆ ಕೈಕೊಟ್ಟ ವರ್ಷ ಎಲ್ಲರದ್ದೂ ಒಟ್ಟಿಗೆ ಬಿದ್ದು, ಮರುವರ್ಷ ಒಟ್ಟಿಗೆ ಏರಿ ಸ್ವಲ್ಪ ಕಾಲ ಹೆಜ್ಜೆ ಕೂಡುತ್ತದೆ, ಆಮೇಲೆ ಸ್ಪ್ರಿಂಕ್ಲರ್ ಇದ್ದವರದ್ದು ಬೇರೆ ದಾರಿ. ಹಿಂದಿನ ಇಳುವರಿ ಸಮೀಕರಣದಲ್ಲಿ ಇರಲೇಬೇಕು, ಆಯ್ಕೆಯ ಮಾತಲ್ಲ. ಕಾಫಿ ಕಾಯಿ ಕಟ್ಟುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯಲ್ಲಿ. ಆದ್ದರಿಂದ ಹೋದ ಬೇಸಿಗೆಯ ಸಾಲಕ್ಕೂ ನೇರವಾದ ಒಂದು ಪಾತ್ರ ಇರಬಹುದು. ಅದೇ ವೇವ್‌ನ ಸಾಲ, ಹಿಂದಿನ ವೇವ್‌ನ ಸಾಲ ಎರಡನ್ನೂ ಹಾಕಿ. ಲ್ಯಾಗ್ ಬಗ್ಗೆ ಅನುಮಾನ ಇದ್ದಾಗ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಅಂದಾಜಿಗೆ ಎರಡು ದಾರಿ. ಒಂದು ಅರೆಲಾನೊ-ಬಾಂಡ್ (1991): ವ್ಯತ್ಯಾಸ ತೆಗೆದು, ಹಳೆಯ ಮಟ್ಟಗಳನ್ನು ಇನ್‌ಸ್ಟ್ರುಮೆಂಟ್ ಮಾಡುವುದು. ಇಳುವರಿ ಸಮೀಕರಣದಲ್ಲಿ ಸಾಲವನ್ನು ‘ಪೂರ್ವನಿರ್ಧಾರಿತ’ ಅಂತ ಘೋಷಿಸಿ (ಹಿಂದಿನ ಇಳುವರಿಯ ಪೆಟ್ಟು ಅದನ್ನು ಮುಟ್ಟಬಹುದು), ‘ಎಕ್ಸಾಜಿನಸ್’ (ಯಾವ ವರ್ಷದ ಪೆಟ್ಟೂ ಮುಟ್ಟದು) ಅಂತ ಅಲ್ಲ. ಏಳು ವೇವ್‌ಗೆ ವ್ಯತ್ಯಾಸದ ಸಮೀಕರಣ ಐದು. ಇಳುವರಿಯಿಂದ 1+2+3+4+5, ಅಂದರೆ 15 ಇನ್‌ಸ್ಟ್ರುಮೆಂಟ್. ಸಾಲದಿಂದ 2+3+4+5+6, ಅಂದರೆ 20. ಒಟ್ಟು 35. 240 ತೋಟಕ್ಕೆ ಸಹಿಸಬಹುದು, ಆದರೂ ‘ಕೊಲ್ಯಾಪ್ಸ್’ ಮಾಡಿ (ಒಂದೊಂದು ಲ್ಯಾಗ್‌ನವನ್ನು ಒಂದೇ ಕಾಲಂಗೆ ಕೂಡಿಸಿ) ಹೋಲಿಸಿ. ಹ್ಯಾನ್ಸನ್ ಪರೀಕ್ಷೆಯ (ಇನ್‌ಸ್ಟ್ರುಮೆಂಟ್‌ಗಳು ಸರಿಯೇ ಅಂತ ನೋಡುವುದು) ಪಿ ಬೆಲೆ 1.00ರ ಹತ್ತಿರ ಬಂದರೆ ಖುಷಿ ಪಡಬೇಡಿ, ಇನ್‌ಸ್ಟ್ರುಮೆಂಟ್ ಜಾಸ್ತಿಯಾಗಿ ಪರೀಕ್ಷೆ ಸತ್ತಿದೆ ಅಂತ ಅರ್ಥ. ಎರಡನೇ ದರ್ಜೆಯ ಸ್ವಸಹಸಂಬಂಧ ಪರೀಕ್ಷೆ ಕೆಟ್ಟರೆ ಇನ್ನೊಂದು ಲ್ಯಾಗ್ ಬೇಕು. ಟೂ-ಸ್ಟೆಪ್ ಆದರೆ ವಿಂಡ್‌ಮೈಯರ್ ತಿದ್ದುಪಡಿ ಇಲ್ಲದ ಸ್ಟ್ಯಾಂಡರ್ಡ್ ಎರರ್ ಬರೆಯಬೇಡಿ.

ಸಾಲದ ಸಮೀಕರಣದಲ್ಲಿ ಇದು ಸೊರಗುತ್ತದೆ. ಸಾಲ ವರ್ಷವರ್ಷ ನವೀಕರಣ ಆಗುತ್ತಾ ಹಾಗೇ ನಿಂತಿರುತ್ತದೆ. ನೆನಪು 1ರ ಹತ್ತಿರ ಹೋದಷ್ಟೂ ಹಳೆಯ ಮಟ್ಟ ಹೊಸ ಬದಲಾವಣೆಯ ಬಗ್ಗೆ ಏನೂ ಹೇಳುವುದಿಲ್ಲ. ಬ್ಲಂಡೆಲ್-ಬಾಂಡ್ (1998) ಸಿಸ್ಟಂ ದಾರಿ ಇದಕ್ಕೆ ಮದ್ದು ಅನ್ನುತ್ತಾರೆ, ಆದರೆ ಶುರುವಿನಲ್ಲಿ ಪ್ರತಿ ತೋಟವೂ ತನ್ನ ದೀರ್ಘಕಾಲದ ಮಟ್ಟದ ಸುತ್ತಲೇ ಇರಬೇಕು ಅನ್ನುವ ಶರತ್ತು ಇದೆ. ಸಾಲ ಏರುತ್ತಲೇ ಇರುವ ತೋಟಗಳಿಗೆ ಆ ಶರತ್ತು ನಿಲ್ಲುವುದಿಲ್ಲ.

ನನ್ನ ಮತ ಎರಡನೇ ದಾರಿಗೆ: ಆಲಿಸನ್, ವಿಲಿಯಮ್ಸ್, ಮೊರಾಲ್-ಬೆನಿಟೊ (2017) ಅವರ ಮ್ಯಾಕ್ಸಿಮಂ ಲೈಕ್ಲಿಹುಡ್ ವಿಧಾನ. ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಪಿಎಂ ಪ್ಯಾಕೇಜ್, ಅಥವಾ ಅದರದ್ದೇ ಲವಾನ್ ಪ್ಯಾಕೇಜ್‌ನಲ್ಲಿ ಕೈಯಾರೆ. ಫೈಲನ್ನು ಅಗಲ ಮಾಡಿ, ತೋಟಕ್ಕೆ ಒಂದೇ ಸಾಲು. ಎರಡನೇ ವೇವ್‌ನಿಂದ ಏಳರ ತನಕ ಇಳುವರಿಗೆ ಆರು ಸಮೀಕರಣ, ಗುಣಾಂಕ ಎಲ್ಲದರಲ್ಲೂ ಒಂದೇ ಅಂತ ಬಿಗಿಯಿರಿ, ಇಂಟರ್ಸೆಪ್ಟ್ ಮಾತ್ರ ವರ್ಷಕ್ಕೊಂದು ಬಿಡಿ. ತೋಟದ ಸ್ಥಿರ ಗುಣಕ್ಕೆ ಒಂದು ಲೇಟೆಂಟ್ (ನೇರವಾಗಿ ಅಳೆಯದ ಅಂಶ), ಆರೂ ಇಳುವರಿಗೆ ಭಾರ 1. ಆ ಲೇಟೆಂಟ್‌ಗೆ ಮೊದಲ ವೇವ್‌ನ ಇಳುವರಿ ಮತ್ತು ಎಲ್ಲ ಏಳು ಸಾಲಗಳ ಜೊತೆ ಸಹಸಂಬಂಧ ಬಿಡಿ. ಕೊನೆಗೆ ಮುಖ್ಯವಾದದ್ದು: ಪ್ರತಿ ವರ್ಷದ ಇಳುವರಿಯ ದೋಷ *ಅದರ ನಂತರದ* ಸಾಲಗಳ ಜೊತೆ ಸಹಸಂಬಂಧ ಹೊಂದಲು ಬಿಡಿ. ಹಿಮ್ಮುಖ ದಿಕ್ಕು ಒಳಗೆ ಬರುವುದು ಈ ಬಾಗಿಲಿನಿಂದ. ಇದನ್ನು ಮರೆತರೆ ಬರೀ ಫಿಕ್ಸೆಡ್ ಎಫೆಕ್ಟ್‌ಗೆ ಹೊಸ ಅಂಗಿ ತೊಡಿಸಿದಂತೆ. ಆಮೇಲೆ ಸಾಲವನ್ನು ಎಡಕ್ಕಿಟ್ಟು ಇನ್ನೊಂದು ಮಾಡೆಲ್. ಎರಡನ್ನೂ ಒಂದೇ ಮಾಡೆಲ್‌ನಲ್ಲಿ ತುರುಕಬೇಕಾಗಿಲ್ಲ. ಒಂದು ಕಡೆಯ ತಪ್ಪು ಇನ್ನೊಂದು ಕಡೆಗೆ ಹರಡುವುದೂ ತಪ್ಪುತ್ತದೆ. ಬಿಟ್ಟುಹೋದ ವೇವ್‌ಗಳಿಗೆ ಫುಲ್ ಇನ್ಫರ್ಮೇಷನ್ ಲೈಕ್ಲಿಹುಡ್ (ಇರುವ ಅಂಕಿಗಳನ್ನೆಲ್ಲ ಬಳಸುವ ವಿಧಾನ) ಹಾಕಿ. ಆದರೆ ಸಾಲ ತಾಳದೆ ತೋಟವನ್ನೇ ಮಾರಿದವರು ಎಷ್ಟು ಅಂತ ಎಣಿಸಿ ಬರೆಯಿರಿ, ಅದನ್ನು ಯಾವ ಲೈಕ್ಲಿಹುಡ್ಡೂ ಪೂರ್ತಿ ಸರಿಮಾಡುವುದಿಲ್ಲ.

ಸಾಲ ಸೊನ್ನೆ ಇರುವವರಿಗೆ 1 ಕೂಡಿಸಿ ಲಾಗ್ ತೆಗೆಯಬೇಡಿ. ರೂಪಾಯಿಯಲ್ಲಿ ಅಳೆದರೆ ಒಂದು ಉತ್ತರ, ಸಾವಿರದಲ್ಲಿ ಅಳೆದರೆ ಇನ್ನೊಂದು ಬರುತ್ತದೆ. ಎಕರೆಗೆ ಹತ್ತು ಸಾವಿರ ರೂಪಾಯಿಯ ಘಟಕ ಮತ್ತು ‘ಸಾಲ ಇದೆ/ಇಲ್ಲ’ ಡಮ್ಮಿ, ಸಾಕು.

ಕೊಯ್ಲುಲೆಕ್ಕ

ತಾರೀಖು ನೋಡಿದೆ. ಸಾಲದ ಕಾಲಂ ಮಾರ್ಚ್ 31ರದ್ದೇ, ಕೊಯ್ಲಿಗೆ ಮುಂಚಿನದ್ದು, ವೇವ್ ಮಾತ್ರ ಅದೇ ಹಂಗಾಮಿನದ್ದು. ಅಂದರೆ ಲ್ಯಾಗ್ ಪೂರ್ತಿ ಒಂದು ವರ್ಷ ಆಚೆ ಹೋಗಿತ್ತು. ಪಾಸ್‌ಬುಕ್ ನಕಲು ಇರುವುದರಿಂದ ಏಪ್ರಿಲ್ 30 ತೆಗೆಯಬಹುದು, ಮುಂಗಡ ಬೇರೆ ಮಾಡಬಹುದು. ಉಳಿದ ಎರಡು ಅನುಮಾನ: ಗೊಬ್ಬರದ ಖರ್ಚು ಮತ್ತು ಮೆಣಸಿನ ಆದಾಯ ಕಂಟ್ರೋಲ್ ಆಗಿ ಹಾಕಬೇಕೇ? ಎರಡು ಬಾಣದಲ್ಲಿ ಯಾವುದು ‘ದೊಡ್ಡದು’ ಅಂತ ಹೇಳಲು ಸ್ಟ್ಯಾಂಡರ್ಡೈಸ್ಡ್ ಗುಣಾಂಕ (ಸಾಲ, ಇಳುವರಿ ಎರಡನ್ನೂ ಅವುಗಳ ಹರವಿನ ಅಳತೆಯಲ್ಲಿ ಬರೆದದ್ದು) ಹೋಲಿಸಬಹುದೇ?

ಮುಂಗಡ

ಗೊಬ್ಬರ ಬೇಡ. ಸಾಲ ಇಳುವರಿಯನ್ನು ಹಿಂಡುವುದೇ ಗೊಬ್ಬರದ ಮೂಲಕ. ಅದನ್ನು ಹಿಡಿದಿಟ್ಟರೆ ಅಳೆಯಬೇಕಾದ್ದನ್ನೇ ಅಳಿಸಿದ ಹಾಗೆ. ಗೊಬ್ಬರವನ್ನು ಎಡಕ್ಕಿಟ್ಟು ಬೇರೆ ಸಮೀಕರಣ ಓಡಿಸಿ. ಸಾಲ ಏರಿದಾಗ ಗೊಬ್ಬರ ಇಳಿಯದಿದ್ದರೆ ಇಳುವರಿಯ ಮೈನಸ್ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಮೆಣಸು ಕಷ್ಟದ್ದು. ಹೋದ ವರ್ಷದ ಮೆಣಸಿನ ದುಡ್ಡು ಈ ಬೇಸಿಗೆಯ ಸಾಲವನ್ನೂ ಇಳಿಸುತ್ತದೆ, ಗೊಬ್ಬರಕ್ಕೂ ಬರುತ್ತದೆ, ಹಾಗಾಗಿ ಹಾಕಲೇಬೇಕು. ಆದರೆ ಅದೇ ಮೆಣಸು ಅದಕ್ಕೂ ಹಿಂದಿನ ಸಾಲದ ಫಲ. ಬಳ್ಳಿಗೆ ಬೋರ್ಡೋ ಹೊಡೆಯಲು ಕಾಸಿಲ್ಲದೆ ಸೊರಗು ರೋಗಕ್ಕೆ ಬಿಟ್ಟಿರಬಹುದು. ಒಂದೇ ವರ್ಷದ ಪರಿಣಾಮ ಸಾಕಾದರೆ ಕೊಯ್ಲಿಗೆ ಹಿಂದಿನ ಹಂಗಾಮಿನ ಮೆಣಸನ್ನು ಹಾಕಿ ಮುಂದೆ ಹೋಗಿ. ಮೂರು ವರ್ಷ ಸತತ ಸಾಲದಲ್ಲಿದ್ದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಸಾದಾ ರಿಗ್ರೆಶನ್ ಸಾಲದು, ರಾಬಿನ್ಸ್ ಅವರ ಮಾರ್ಜಿನಲ್ ಸ್ಟ್ರಕ್ಚರಲ್ ಮಾಡೆಲ್ ಬೇಕು: ಪ್ರತಿ ಬೇಸಿಗೆ ತೋಟ ನಿಜವಾಗಿ ಇದ್ದ ಸ್ಥಿತಿಯ (ಸಾಲ ಇದೆ/ಇಲ್ಲ) ಸಂಭವನೀಯತೆಯನ್ನು ಹಿಂದಿನ ಸಾಲ, ಇಳುವರಿ, ಮೆಣಸಿನಿಂದ ಅಂದಾಜಿಸಿ, ಅದರ ವಿಲೋಮವನ್ನು ತೂಕವಾಗಿ ಗುಣಿಸುತ್ತಾ ಹೋಗುವುದು. ತೂಕ ಸ್ಥಿರಗೊಳಿಸಿ, ಸರಾಸರಿ 1ರ ಹತ್ತಿರ ಇದೆಯೇ ನೋಡಿ. ಆದರೆ ಆ ದಾರಿಯಲ್ಲಿ ತೋಟದ ಕಾಣದ ಸ್ಥಿರ ಗುಣ ಹೊರಗೆ ಹೋಗುವುದಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ, ಎರಡನ್ನೂ ಓಡಿಸಿ ಪಕ್ಕಪಕ್ಕ ಬರೆಯಿರಿ.

ಹೂಮಳೆ_ಲ್ಯಾಗ್

ಸ್ಟ್ಯಾಂಡರ್ಡೈಸ್ಡ್ ಹೋಲಿಕೆ ಬೇಡ. ಇಳುವರಿ ವರ್ಷವರ್ಷ ಕುಣಿಯುತ್ತದೆ, ಸಾಲ ಮಲಗಿರುತ್ತದೆ. ಎರಡರ ಹರವು ಬೇರೆ, ಬಾಣ ಹಾದುಹೋಗುವ ತಿಂಗಳುಗಳೂ ಬೇರೆ. ‘ದೊಡ್ಡದು’ ಅನ್ನುವುದು ಹರವಿನ ಆಟ ಆಗುತ್ತದೆ.

ಮೂಟೆ-ರೂಪಾಯಿಯಲ್ಲೇ ಬರೆದು, ಒಂದು ಪೆಟ್ಟು ಸುತ್ತು ಹಾಕಿ ಬರುವುದನ್ನು ತೋರಿಸಿ. ಬರೀ ಲೆಕ್ಕದ ವಿಧಾನಕ್ಕೆ: ಎಕರೆಗೆ ಒಂದು ಮೂಟೆ ಕಡಿಮೆಯಾದರೆ ಬಾಕಿ ₹5,000 ಏರುತ್ತದೆ, ₹10,000 ಬಾಕಿ ಏರಿದರೆ ಮುಂದಿನ ಕೊಯ್ಲು 0.3 ಮೂಟೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಆಗಸ್ಟ್ ಮಳೆಗೆ 4 ಮೂಟೆ ಹೋಯಿತು. ಬೇಸಿಗೆಗೆ ಸಾಲ ₹20,000 ಹೆಚ್ಚು, ಅದರಿಂದ ಮುಂದಿನ ಕೊಯ್ಲಿಗೆ 0.6 ಮೂಟೆ ಪೆಟ್ಟು. ಆದರೆ ಹೋದ ವರ್ಷ ಹೊರದೆ ವಿಶ್ರಾಂತಿ ಪಡೆದ ಗಿಡ −0.4 ಗುಣಾಂಕದ ಲೆಕ್ಕದಲ್ಲಿ 1.6 ಮೂಟೆ ಹೆಚ್ಚು ಕೊಡುತ್ತದೆ. ನಿವ್ವಳ ಒಂದು ಮೂಟೆ *ಏರಿಕೆ*. ಸಾಲದ ಪೆಟ್ಟು ಆ ಏರಿಕೆಯೊಳಗೆ ಅಡಗಿ ಕೂತಿರುತ್ತದೆ, ಬರಿಗಣ್ಣಿಗೆ ಸಿಗುವುದಿಲ್ಲ. ಮೂರನೇ ಕೊಯ್ಲಿಗೆ ಗಿಡದ ಏರಿಕೆ ತಿರುಗಿ ಬೀಳುವಾಗ ಮಾತ್ರ ಎರಡೂ ಒಂದೇ ಕಡೆ ಎಳೆಯುತ್ತವೆ. ಐದು ಕೊಯ್ಲಿನ ತನಕ ಹೀಗೆ ಕೈಯಲ್ಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿ; ಅನಿಶ್ಚಿತತೆಗೆ ತೋಟಗಳನ್ನೇ ಇಡಿಯಾಗಿ ಮರುಆಯ್ಕೆ ಮಾಡುವ ಬೂಟ್‌ಸ್ಟ್ರ್ಯಾಪ್ ಹಾಕಿ, ವೇವ್‌ಗಳನ್ನು ಬಿಡಿಬಿಡಿಯಾಗಿ ಆಯ್ದರೆ ಸರಣಿ ಮುರಿಯುತ್ತದೆ.